ನಾಲ್ಕು ವಾರ್ಡುಗಳ ಗಡಿಕಲ್ಲಿನ ಮೇಲೆ ಮಲಗುವ ನಾಯಿಯವರಿಗೆ

ಗೆ,
ಶ್ರೀಯುತ ನಾಯಿಯವರು,
(ಸಾರ್ವಜನಿಕರ ಬಾಯಲ್ಲಿ ‘ಸರ್ಕಲ್ ಸಾಹೇಬರು’)
ಗಡಿಕಲ್ಲಿನ ಬುಡ,
ವಾರ್ಡು ಹನ್ನೊಂದು, ಹನ್ನೆರಡು, ಹದಿಮೂರು ಮತ್ತು ಹದಿನಾಲ್ಕು.

ವಿಷಯ: ನನಗೆ ಆದ ಐದನೆಯ ಕಡಿತ ಮತ್ತು ತಮ್ಮ ಆರೋಗ್ಯದ ಬಗ್ಗೆ.

ಮಾನ್ಯರೇ,

ತಮ್ಮ ನಾಲ್ಕು ಕಾಲುಗಳಿಗೆ, ಕಾಲುಗಳಿಗಿಂತ ಹೆಚ್ಚಾಗಿ ತಮ್ಮ ದವಡೆಗೆ, ವಿದ್ಯುತ್ ಕಚೇರಿಯ ಮೀಟರ್ ರೀಡರನೊಬ್ಬನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇದು ಪತ್ರದ ಮೊದಲ ಸಾಲಿಗೆಂದು ಬರೆದ ಉಪಚಾರದ ಮಾತಲ್ಲ. ತಮ್ಮ ಕ್ಷೇಮವನ್ನು ಈ ಊರಿನಲ್ಲಿ ಇವತ್ತು ನನ್ನಷ್ಟು ಬಯಸುವವನು ಇನ್ನೊಬ್ಬನಿಲ್ಲ, ಆ ಕಾರಣವನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ.

ನನ್ನ ಮುಖ ತಮಗೆ ಪರಿಚಯವಿರಲಾರದು, ಏಕೆಂದರೆ ನಮ್ಮ ಭೇಟಿಗಳೆಲ್ಲ ಮಂಡಿಯಿಂದ ಕೆಳಗೇ ನಡೆದಿವೆ. ತಿಂಗಳಿಗೆ ಇಪ್ಪತ್ತು ದಿನ ಬೆಳಗಿನ ಒಂಬತ್ತರ ಸುಮಾರಿಗೆ ಹೆಗಲಿಗೆ ಚೀಲ ನೇತುಹಾಕಿಕೊಂಡು, ಬಿಲ್ಲು ಕೊಡುವ ಯಂತ್ರವನ್ನು ಎದೆಗವಚಿಕೊಂಡು ತಮ್ಮ ಸರ್ಕಲ್ಲನ್ನು ದಾಟುವ ಬೂದು ಪ್ಯಾಂಟಿನವನೇ ನಾನು. ಮೀಟರುಗಳನ್ನೆಲ್ಲ ಗೋಡೆಯ ಮೇಲೆ ಎತ್ತರಕ್ಕೆ ಹೊಡೆದಿರುವುದರಿಂದ ಕತ್ತೆತ್ತಿಕೊಂಡು ನಡೆಯುವುದು ನಮ್ಮ ವೃತ್ತಿಗೆ ಅಂಟಿದ ಚಾಳಿ, ಕತ್ತೆತ್ತಿದವನ ಕಾಲು ತಮ್ಮ ಪಾಲು. ಹೀಗೆ ಈ ವರ್ಷ ತಾವು ನನ್ನನ್ನು ನಾಲ್ಕು ಸಲ ಸತ್ಕರಿಸಿದ ದಾಖಲೆಯಿದೆ, ಐದನೆಯದೂ ದಾಖಲಾದರೆ ನನ್ನ ಹೆಂಡತಿ ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ನಡೆಸುತ್ತಿರುವ ಮಕ್ಕಳ ಡೇ ಕೇರ್ ಮುಚ್ಚಿಹೋಗುತ್ತದೆ. ನಾಯಿ ಕಚ್ಚಿದ್ದು ಗಂಡನ ಕಾಲಿಗೆ, ಬಾಗಿಲು ಮುಚ್ಚುವುದು ಹೆಂಡತಿಯ ಡೇ ಕೇರಿನದು ಎಂದರೆ ತಮಗೂ ಸೋಜಿಗವಾದೀತು, ಆದ್ದರಿಂದ ಮೊದಲಿಂದಲೇ ಹೇಳುತ್ತೇನೆ.

ತಮ್ಮ ಶಿಸ್ತಿನ ಬಗ್ಗೆ ನನಗೆ ಯಾವತ್ತೂ ಎರಡು ಮಾತಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಗೆ ಎಲ್ಲಿ ಚ್ಯುತಿ ಬಂದೀತೋ ಎಂದು ತಾವು ಬೊಗಳುವುದನ್ನೇ ಬಿಟ್ಟಿದ್ದೀರಿ. ಮಲಗುವುದಕ್ಕೆ ತಾವು ಆರಿಸಿಕೊಂಡ ಜಾಗವಂತೂ ಎಷ್ಟು ಓದಿದವರಿಗೂ ಹೊಳೆಯುವಂಥದ್ದಲ್ಲ: ನಾಲ್ಕು ವಾರ್ಡುಗಳು ಕೂಡುವ ಆ ಗಡಿಕಲ್ಲಿನ ಬುಡ. ತಲೆ ಹನ್ನೊಂದನೆಯ ವಾರ್ಡಿನ ಟೈಲರ್ ಅಂಗಡಿಯ ಕಡೆ, ಬೆನ್ನು ಹನ್ನೆರಡನೆಯ ವಾರ್ಡಿನ ಔಷಧಿ ಅಂಗಡಿಯ ಕಡೆ, ಕಾಲು ಹದಿಮೂರರ ಸೈಕಲ್ ಶಾಪಿನ ಕಡೆ, ಬಾಲ ಹದಿನಾಲ್ಕರ ಬೀಗ ರಿಪೇರಿಯವನ ಕಡೆ. ಕಳೆದ ವರ್ಷ ತಾವು ಕಚ್ಚಿದ್ದು ಒಟ್ಟು ಹದಿನಾರು ಜನರನ್ನು, ಅದೂ ವಾರ್ಡಿಗೆ ನಾಲ್ಕರಂತೆ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ. ಒಂದು ವಾರ್ಡಿನಲ್ಲಿ ವರ್ಷಕ್ಕೆ ಐದು ಕಡಿತವಾದರೆ ಮಾತ್ರ ನಾಯಿ ಹಿಡಿಯುವ ವ್ಯಾನು ಬರತಕ್ಕದ್ದು ಎಂಬ ನಿಯಮವನ್ನು ತಾವು ಯಾವ ಕಚೇರಿಯಲ್ಲಿ ಓದಿದಿರೋ ತಿಳಿಯದು, ನಾನಂತೂ ಅದನ್ನು ತಿಳಿಯಲು ಮೂರು ಕಿಟಕಿಗಳ ಮುಂದೆ ನಿಲ್ಲಬೇಕಾಯಿತು.

ಮೂರನೆಯ ಕಿಟಕಿಯ ಹಿಂದೆ ನಕ್ಷೆ ಅಧಿಕಾರಿಗಳಿದ್ದರು. ಬಹಳ ಸಜ್ಜನರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ವಾರ್ಡುಗಳ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ವಾರ್ಡುಗಳೂ ಎಷ್ಟು ತಿಳಿಯಾದ ಹಳದಿ ಬಣ್ಣದಲ್ಲಿ ನೆಮ್ಮದಿಯಾಗಿವೆ ನೋಡಿ ಎಂದು ತೋರಿಸಿದರು. ಒಂದೇ ಸರ್ಕಲ್ಲಿನಲ್ಲಿ ಹದಿನಾರು ಜನಕ್ಕೆ ಕಚ್ಚಿದೆಯಲ್ಲ ಸಾರ್ ಎಂದರೆ, “ಸರ್ಕಲ್ ಅನ್ನೋದು ನಮ್ಮ ನಕ್ಷೇಲಿ ಜಾಗಾನೇ ಅಲ್ಲ ಕಣ್ರೀ, ಅದು ಬರೀ ನಾಲ್ಕು ಗೆರೆ ಸೇರೋ ಚುಕ್ಕೆ. ಚುಕ್ಕೆಗೆ ಉದ್ದ ಅಗಲ ಇರುತ್ತಾ? ಉದ್ದ ಅಗಲ ಇಲ್ಲದ ಕಡೆ ನಾಯಿ ಹೇಗ್ರೀ ಮಲಗುತ್ತೆ?” ಎಂದು ಕೇಳಿದರು. ಪ್ಯಾಂಟು ಮಡಿಸಿ ಗಾಯ ತೋರಿಸಿದೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಸಂಸಾರ ಸುಖವಾಗಿರುತ್ತಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವ ಹಾಗೆ, ವಾರ್ಡು ತುಂಬ ದೊಡ್ಡದಾಯಿತು, ಇನ್ನೂ ಸಣ್ಣದಾಗಿ ನೋಡಬೇಕು, ಕಚ್ಚಿಸಿಕೊಂಡವರ ಕಷ್ಟ ಎದ್ದು ಕಾಣಬೇಕು ಎಂದು ಅರ್ಜಿಯ ಮೇಲೆ ಅರ್ಜಿ ಕೊಟ್ಟೆ. ಅಧಿಕಾರಿಗಳ ಮನಸ್ಸು ಕರಗಿತು. ಊರನ್ನೆಲ್ಲ ನೂರು ಮೀಟರಿನ ಚೌಕಗಳಾಗಿ ಕತ್ತರಿಸಿ ಅವರು ಎರಡನೆಯದೊಂದು ನಕ್ಷೆ ಮಾಡಿದರು, ಕಚ್ಚಿಸಿಕೊಂಡವರ ಕಷ್ಟ ಎದ್ದು ಕಾಣಬೇಕೆಂಬ ನನ್ನದೇ ಮಾತನ್ನು ಶಿರಸಾವಹಿಸಿ, ಪ್ರತಿ ಕಡಿತವನ್ನೂ ಅದು ನಡೆದ ಜಾಗದಲ್ಲಿ ಗುರುತಿಸದೆ ಕಚ್ಚಿಸಿಕೊಂಡವರ ಮನೆಯ ವಿಳಾಸದಲ್ಲಿ ಗುರುತಿಸಿದರು. ಇನ್ನು ಮೇಲೆ ವ್ಯಾನು ಹೊರಡುವುದು ವಾರ್ಡಿನ ನಕ್ಷೆ ನೋಡಿ, ಮಕ್ಕಳು ಮರಿ ಸೇರುವ ಜಾಗಗಳಿಗೆ ಅನುಮತಿ ಸಿಗುವುದು ಚೌಕದ ನಕ್ಷೆ ನೋಡಿ ಎಂದು ಆದೇಶವೂ ಹೊರಟಿತು. ಚೌಕದಲ್ಲಿ ವರ್ಷಕ್ಕೆ ನಾಲ್ಕು ಕಡಿತವಾದರೆ ಎಚ್ಚರಿಕೆ, ಐದಾದರೆ ಅನುಮತಿ ರದ್ದು.

ನಮ್ಮ ಮನೆ ಇರುವ ಚೌಕದಲ್ಲಿ ನೀರಿನ ಟ್ಯಾಂಕ್ ಇದೆ, ಒಂದು ಸಿಮೆಂಟ್ ಗೋದಾಮಿದೆ, ನಮ್ಮದೊಂದೇ ಮನೆಯಿದೆ. ಮನೆಯಲ್ಲಿ ವಾಸವಿರುವವರು ನಾನು, ನನ್ನ ಹೆಂಡತಿ, ನಮ್ಮತ್ತೆ. ತಾವು ನಾಲ್ಕು ವಾರ್ಡುಗಳ ಆಚೆ ಸರ್ಕಲ್ಲಿನಲ್ಲಿ ನನ್ನೊಬ್ಬನಿಗೇ ಹಂಚಿದ ನಾಲ್ಕು ಕಡಿತಗಳು ಬಂದು ಈ ಮೂರು ಜನರ ತಲೆಯ ಮೇಲೆ ಕೂತು, ನೂರಕ್ಕೆ ನೂರಮೂವತ್ತಮೂರು ಮಂದಿ ಕಚ್ಚಿಸಿಕೊಂಡ ಏಕೈಕ ಪ್ರದೇಶವೆಂದು ನಮ್ಮ ಮನೆ ನಕ್ಷೆಯಲ್ಲಿ ಕಡುಗೆಂಪಾಗಿ ಹೊಳೆಯತೊಡಗಿತು. ತಮ್ಮ ಸರ್ಕಲ್ಲಿನ ಸುತ್ತ ಬರೀ ಅಂಗಡಿಗಳು, ಅಲ್ಲಿ ಯಾರ ಮನೆಯೂ ಇಲ್ಲ, ಆದ್ದರಿಂದ ತಮ್ಮ ಚೌಕ ತೊಳೆದ ತಟ್ಟೆಯ ಹಾಗೆ ಬೆಳ್ಳಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ, ಆದರೆ ಎತ್ತಿಗೆ ಆರೋಗ್ಯದ ಪ್ರಮಾಣಪತ್ರವನ್ನೂ ಕೊಟ್ಟದ್ದು ಇದೇ ಮೊದಲು.

ಆಮೇಲೆ ಬಂದ ತಪಾಸಣೆಯವರ ಕಥೆ ಕೇಳಿ. ಕಡಿತಗಳ ಮೂಲ ಹುಡುಕಲು ಇಬ್ಬರು ಬಂದು ಮನೆಯ ಮಂಚದ ಕೆಳಗೆ, ಟ್ಯಾಂಕಿನ ಹಿಂದೆ, ಸಿಮೆಂಟ್ ಮೂಟೆಗಳ ಸಂದಿಯಲ್ಲೆಲ್ಲ ಇಣುಕಿ, ಕೊನೆಗೆ ವರದಿಯಲ್ಲಿ “ಸ್ಥಳದಲ್ಲಿ ನಾಯಿ ಕಂಡುಬಂದಿಲ್ಲ, ವೃದ್ಧ ಮಹಿಳೆಯೊಬ್ಬರು ಕಂಡುಬಂದರು” ಎಂದು ಬರೆದುಕೊಂಡು ಹೋದರು. ಎರಡು ವಾಕ್ಯದ ನಡುವೆ ಅವರು ಹಾಕಿದ ಆ ಅಲ್ಪವಿರಾಮ ನಮ್ಮತ್ತೆಯ ಮಾನ ಕಳೆಯಿತು. ನಾಯಿಯಿಲ್ಲದ ಮನೆಯಲ್ಲಿ ಅಳಿಯನಿಗೆ ನಾಲ್ಕು ಸಲ ಕಚ್ಚಿದ್ದಾರೆಂದರೆ ಕಚ್ಚಿದವರು ಯಾರು ಎಂದು ಬೀದಿಯಲ್ಲಿ ಮಾತೆದ್ದಿತು. ಮೇಲೆ ಎರಡು, ಕೆಳಗೆ ಒಂದು, ಒಟ್ಟು ಮೂರು ಹಲ್ಲುಳಿಸಿಕೊಂಡಿರುವ ಆ ಮಹಾತಾಯಿ ಗೇಟಿನಲ್ಲಿ ನಿಂತು, “ಬ್ರೆಡ್ಡನ್ನೇ ಹಾಲಲ್ಲಿ ಅದ್ದಿ ತಿನ್ನೋಳು ನಾನು, ಈ ಒಣಕಲು ಕಾಲು ಕಚ್ಚೋಕೆ ನನಗೇನು ಹುಚ್ಚಾ?” ಎಂದು ಎಲ್ಲರಿಗೂ ಬಾಯಿ ತೆರೆದು ತೋರಿಸಿದರು. ತೋರಿಸಬಾರದಿತ್ತು. ಎದುರುಮನೆಯಾಕೆ ಆ ಮೂರು ಹಲ್ಲು ಕಂಡ ದಿನವೇ ತನ್ನ ಮಗಳನ್ನು ಡೇ ಕೇರಿನಿಂದ ಬಿಡಿಸಿಕೊಂಡಳು. ಆಕೆಯ ಮನೆ ಬೀದಿಯ ಆ ಕಡೆ, ಹಾಗಾಗಿ ಬೇರೆ ಚೌಕ, ಹಾಗಾಗಿ ಬಿಳಿ. ಬೀದಿಯ ಅಗಲ ಹದಿನಾರು ಹೆಜ್ಜೆ.

ಹದಿನೈದು ಮಕ್ಕಳಿದ್ದ ಕಡೆ ಈಗ ಹನ್ನೊಂದು ಮಕ್ಕಳಿದ್ದಾರೆ. ನನ್ನ ಹೆಂಡತಿ ಹೊರಗೆ ಏನೂ ಆಡುವವಳಲ್ಲ, ಆದರೆ ಮಕ್ಕಳು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ ಬಿಟ್ಟುಹೋದ ನಾಲ್ವರ ಚಾಪೆಗಳನ್ನೂ ಹಾಸಿ, ಅವುಗಳ ನಡುವೆ ಸುಮ್ಮನೆ ಕೂತಿರುವುದನ್ನು ನಾನು ಊಟಕ್ಕೆ ಬಂದಾಗ ನೋಡಿದ್ದೇನೆ.

ಮತ್ತೆ ನಕ್ಷೆ ಅಧಿಕಾರಿಗಳ ಬಾಗಿಲು ತಟ್ಟಿದೆ. ಅವರು ನನ್ನನ್ನು ನಕ್ಷೆ ಬಿಡಿಸುವ ಯಂತ್ರದ ಮುಂದೆ ಕೂರಿಸಿಕೊಂಡು ಚೌಕಗಳನ್ನು ಹಿಗ್ಗಿಸಿ, ಕುಗ್ಗಿಸಿ ತೋರಿಸಿದರು. ಐನೂರು ಮೀಟರಿನ ಚೌಕ ಮಾಡಿದಾಗ ನಮ್ಮ ಮನೆ ಪಕ್ಕದ ಎರಡು ಸಾವಿರ ಜನರ ಬಹುಮಹಡಿ ಕಟ್ಟಡದ ಜೊತೆ ಸೇರಿಕೊಂಡು ಮದುವಣಗಿತ್ತಿಯ ಕೆನ್ನೆಯ ಹಾಗೆ ತೆಳು ಗುಲಾಬಿಯಾಯಿತು. ಇಡೀ ಊರನ್ನೇ ಒಂದು ಚೌಕ ಮಾಡಿದಾಗ, ಕಡಿತಗಳು ಕಳೆದ ವರ್ಷಕ್ಕಿಂತ ಕಡಿಮೆಯಾಗಿವೆಯೆಂದು ಯಂತ್ರ ಅಭಿನಂದನೆ ಸಲ್ಲಿಸಿತು. ವಾರ್ಡಿನ ಲೆಕ್ಕದಲ್ಲಿ ನೋಡಿದರೆ ಚಪ್ಪಲಿ ಅಂಗಡಿ ಹೆಚ್ಚಿರುವಲ್ಲಿ ಕಡಿತ ಹೆಚ್ಚು, ಚೌಕದ ಲೆಕ್ಕದಲ್ಲಿ ನೋಡಿದರೆ ಚಪ್ಪಲಿ ಅಂಗಡಿಯಿರುವಲ್ಲಿ ಕಡಿತವೇ ಇಲ್ಲ. ಇಲಾಖೆ ಎರಡನ್ನೂ ನಂಬಿ, ಚಪ್ಪಲಿ ಅಂಗಡಿಗಳ ಮುಂದೆ ‘ಇಲ್ಲಿ ಸುಳಿದಾಡಬೇಡಿ’ ಎಂದು ಒಂದು ಬೋರ್ಡನ್ನೂ, ಒಳಗೆ ‘ಇಲ್ಲಿ ತಾವು ಸುರಕ್ಷಿತರು’ ಎಂದು ಇನ್ನೊಂದನ್ನೂ ಹಾಕಿಸಿತು. ಅದೇ ಊರು, ಅವೇ ಕಾಲುಗಳು, ಅದೇ ಬಾಯಿ, ಗೆರೆ ಎಳೆದ ಕಡೆಗೆ ತಕ್ಕಂತೆ ನಿಜ ಮಗ್ಗುಲು ಬದಲಿಸುವುದನ್ನು ನಾನು ಕಣ್ಣಾರೆ ಕಂಡೆ.

ಹಾಗಾದರೆ ಆ ಐನೂರು ಮೀಟರನ್ನೇ ಇಟ್ಟುಕೊಳ್ಳಿ ಎಂದು ಬೇಡಿದೆ. ಒಬ್ಬರಿಗೆ ಅನುಕೂಲವಾಗಲೆಂದು ಅಳತೆ ಬದಲಿಸಿದರೆ ಪಕ್ಷಪಾತವಾಗುತ್ತದೆ ಎಂದರು. ನೂರು ಮೀಟರು ಯಾರ ಅನುಕೂಲಕ್ಕೆ ಎಂದು ಕೇಳಿದ್ದಕ್ಕೆ, ನೂರು ಒಂದು ಒಳ್ಳೆಯ ಸಂಖ್ಯೆ ಎಂದರು. ಚೌಕಗಳನ್ನು ಐವತ್ತು ಹೆಜ್ಜೆ ಪೂರ್ವಕ್ಕಾದರೂ ಸರಿಸಿ, ಬಹುಮಹಡಿ ಕಟ್ಟಡದ ನಾಲ್ಕು ನೂರು ಜನ ನಮ್ಮ ಪಾಲಿಗೆ ಬರುತ್ತಾರೆ ಎಂದರೆ, ಚೌಕಗಳ ಎಣಿಕೆ ಇಲಾಖೆಯ ಕಟ್ಟಡದ ಮೂಲೆಯಿಂದ ಶುರುವಾಗುವುದರಿಂದ, “ನಿಮ್ಮ ಮನೆಗೋಸ್ಕರ ನಮ್ಮ ಆಫೀಸನ್ನ ಐವತ್ತು ಹೆಜ್ಜೆ ಪಕ್ಕಕ್ಕೆ ತಳ್ಳೋಣ್ವಾ?” ಎಂದು ನಕ್ಕರು. ನನಗೂ ಸಿಟ್ಟು ಬಂತು, ಆದರೆ ಬಡವನ ಕೋಪ ದವಡೆಗೆ ಮೂಲ, ಅದರಲ್ಲೂ ದವಡೆಯ ವ್ಯವಹಾರ ನನ್ನ ಬಾಳಿನಲ್ಲಿ ಆಗಲೇ ಸಾಕಷ್ಟಿತ್ತು.

ಮಾನ್ಯರೇ, ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಒಂದು ನೀಚ ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ. ತಾವು ಒಮ್ಮೆ ದಯಮಾಡಿಸಿ ಎದುರುಮನೆಯವರಿಗೆ ನಾಲ್ಕು, ಪಕ್ಕದ ಚೌಕಗಳವರಿಗೆ ನಾಲ್ಕು ನಾಲ್ಕು ಕಚ್ಚಿ ಹೋದರೆ ಎಲ್ಲರೂ ಸಮಾನವಾಗಿ ಕೆಂಪಾಗಿ ನಮ್ಮ ಮನೆ ಎದ್ದು ಕಾಣುವುದಿಲ್ಲವಲ್ಲ ಎಂದು ಎಣಿಸಿ, ಯಾರ ಯಾರ ಕಾಲು ಎಷ್ಟು ದಪ್ಪ ಎಂದು ಗೇಟಿನಲ್ಲಿ ನಿಂತು ಅಂದಾಜು ಮಾಡಿದ್ದೂ ಉಂಟು. ಎದುರುಮನೆಯ ಮಗು ನನ್ನನ್ನು ನೋಡಿ ಕೈ ಬೀಸಿತು. ನಾಚಿಕೆಯಾಗಿ ಒಳಗೆ ಬಂದೆ.

ಈಗ ಮುಖ್ಯ ವಿಷಯ. ಡೇ ಕೇರಿನ ಅನುಮತಿ ನವೀಕರಣಕ್ಕೆ ತಪಾಸಣೆಯವರು ಇದೇ ಇಪ್ಪತ್ತೆಂಟಕ್ಕೆ ಬರುತ್ತಾರೆ. ಅಲ್ಲಿಯವರೆಗೆ ತಮ್ಮ ಕಣ್ಣಿಗೆ ಬೀಳಬಾರದೆಂದು ನಾನು ಮೂರು ಬೀದಿ ಬಳಸಿಕೊಂಡು ಓಡಾಡುತ್ತಿದ್ದೆ. ಆದರೆ ಮೊನ್ನೆ ಹದಿನೇಳನೆಯ ತಾರೀಕು ಔಷಧಿ ಅಂಗಡಿಯವರ ಮೀಟರು ಉರಿಯುತ್ತಿದೆಯೆಂದು ಕರೆ ಬಂದು, ಓಡಿಬಂದು, ಕತ್ತೆತ್ತಿ ನೋಡುತ್ತಿದ್ದಾಗ ತಾವು ಸದ್ದಿಲ್ಲದೆ ಎದ್ದು ಬಂದು ನನ್ನ ಎಡಗಾಲಿನ ಮೀನಖಂಡಕ್ಕೆ ಐದನೆಯ ಸಲ ಬಾಯಿಟ್ಟಿರಿ. ನಾನು ಕಿರುಚಲಿಲ್ಲ. ಕಿರುಚಿದರೆ ಜನ ಸೇರುತ್ತಾರೆ, ಜನ ಸೇರಿದರೆ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾರೆ, ಕ್ಲಿನಿಕ್ಕಿನವರು ವಿಳಾಸ ಕೇಳಿ ಅದೇ ದಿನ ಇಲಾಖೆಗೆ ಕಳಿಸುತ್ತಾರೆ, ನಮ್ಮ ಚೌಕಕ್ಕೆ ಐದು ತುಂಬುತ್ತದೆ. ಪೈಪಿನ ಕೆಳಗೆ ಸೋಪು ಹಚ್ಚಿ ತೊಳೆದುಕೊಂಡು, ಕರವಸ್ತ್ರ ಕಟ್ಟಿಕೊಂಡು, ಮನೆಗೆ ಹೋಗಿ ಕಾಲು ಉಳುಕಿದೆ ಎಂದು ಹೇಳಿದೆ. ಸೂಜಿ ಹಾಕಿಸಿಲ್ಲ.

ಪ್ರಾಣಿಗಳ ಆಸ್ಪತ್ರೆಯ ಕಾಂಪೌಂಡರನ್ನು ಯಾರದೋ ವಿಷಯವೆಂಬಂತೆ ವಿಚಾರಿಸಿದಾಗ, ಕಚ್ಚಿದ ನಾಯಿ ಹತ್ತು ದಿನ ಕಳೆದ ಮೇಲೂ ಗಟ್ಟಿಮುಟ್ಟಾಗಿದ್ದರೆ ಭಯವಿಲ್ಲ, ಆದರೆ ಹಾಗೆಂದು ಸೂಜಿ ಹಾಕಿಸದೆ ಕಾಯುವವನು ಮೂರ್ಖ ಎಂದರು. ಮೂರ್ಖನು ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಹಿಡಿದುಕೊಂಡಿದ್ದಾನೆ. ಆದ್ದರಿಂದಲೇ ಎರಡು ದಿನದಿಂದ ನಾನು ಟೈಲರ್ ಅಂಗಡಿಯ ಮೆಟ್ಟಿಲಲ್ಲಿ ಕೂತು ತಮ್ಮನ್ನೇ ನೋಡುತ್ತಿರುವುದು, ತಾವು ನೀರು ಕುಡಿದಿರಾ, ಜೊಲ್ಲು ಸುರಿಸಿದಿರಾ, ಬಾಲ ಅಲ್ಲಾಡಿತಾ ಎಂದು ಮೀಟರಿನ ಅಂಕಿಗಳಂತೆ ಗಂಟೆಗೊಮ್ಮೆ ಬರೆದುಕೊಳ್ಳುತ್ತಿರುವುದು. ನಿನ್ನೆ ತಾವು ಒಮ್ಮೆ ಕೆಮ್ಮಿದಿರಿ. ಆ ಗಂಟೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಇದರ ಮೇಲೆ ಗಾಯಕ್ಕೆ ಉಪ್ಪು ಸವರಿದಂತೆ ಇನ್ನೊಂದು ಸುದ್ದಿ. ನನ್ನ ಮೂವತ್ತೊಂದನೆಯ ಅರ್ಜಿಗೆ ಓಗೊಟ್ಟು ನಕ್ಷೆ ಅಧಿಕಾರಿಗಳು ವಾರ್ಡಿನ ಗೆರೆಯನ್ನು ಕೊನೆಗೂ ಸರಿಸಿ, ಔಷಧಿ ಅಂಗಡಿಯ ಮೆಟ್ಟಿಲುಗಳನ್ನು ಬಿಟ್ಟು ಉಳಿದ ಸರ್ಕಲ್ಲನ್ನೆಲ್ಲ ಹನ್ನೊಂದನೆಯ ವಾರ್ಡಿಗೆ ಸೇರಿಸಿದ್ದಾರೆ. ಹಳೆಯ ಹದಿನಾರು ಕಡಿತಗಳೂ ಈಗ ಅಲ್ಲಿಗೇ ಸೇರಿ, ಬರುವ ಮಂಗಳವಾರ ವ್ಯಾನು ತಮ್ಮನ್ನು ಒಯ್ಯಲು ಬರುತ್ತದೆ. ಒಂದು ವರ್ಷ ಅಂಗಲಾಚಿದಾಗ ಬಾರದ ವ್ಯಾನು, ತಮ್ಮ ಪ್ರಾಣಕ್ಕೆ ನನ್ನ ಪ್ರಾಣ ಗಂಟುಬಿದ್ದ ವಾರವೇ ಹೊರಟಿದೆ. ತಮ್ಮನ್ನು ಒಯ್ದುಬಿಟ್ಟರೆ ತಾವು ಹತ್ತನೆಯ ದಿನ ಇದ್ದಿರೋ ಇಲ್ಲವೋ ಎಂದು ನನಗೆ ಯಾರು ಹೇಳುತ್ತಾರೆ?

ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳುವುದಿಷ್ಟೆ. ಇಪ್ಪತ್ತೇಳನೆಯ ತಾರೀಕಿನವರೆಗೆ ದಯವಿಟ್ಟು ಬದುಕಿರಿ. ಹಳಸಿದ್ದನ್ನು ತಿನ್ನಬೇಡಿ, ಲಾರಿಗಳನ್ನು ಅಟ್ಟಿಸಿಕೊಂಡು ಹೋಗಬೇಡಿ, ಬಿಸಿಲಲ್ಲಿ ಮಲಗಬೇಡಿ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ಮುಂಚೆ ಎದ್ದು, ಏಳು ಹೆಜ್ಜೆ ನಡೆದು, ಔಷಧಿ ಅಂಗಡಿಯ ಮೆಟ್ಟಿಲ ಮೇಲೆ, ಅಂದರೆ ಹನ್ನೆರಡನೆಯ ವಾರ್ಡಿನಲ್ಲಿ, ಮಲಗುವ ಕೃಪೆ ಮಾಡಿ. ಹನ್ನೊಂದರ ವ್ಯಾನಿಗೆ ಹನ್ನೆರಡರ ನಾಯಿಯನ್ನು ಮುಟ್ಟುವ ಅಧಿಕಾರವಿಲ್ಲ. ಆ ಗೆರೆಗಳಿಗೆ ನಾನು ಹಾಕದ ಶಾಪವಿಲ್ಲ, ಈಗ ಅವುಗಳಲ್ಲೊಂದು ಗೆರೆಯ ಹಿಂದೆ ತಮ್ಮನ್ನು ಬಚ್ಚಿಡಲು ಹೊರಟಿದ್ದೇನೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಮನೆಯಲ್ಲಿ ಹೇಳುವ ಹಾಗಿಲ್ಲ, ಕ್ಲಿನಿಕ್ಕಿನಲ್ಲಿ ಹೇಳುವ ಹಾಗಿಲ್ಲ, ಆದ್ದರಿಂದ ಕಚ್ಚಿದವರಿಗೇ ಹೇಳಿಕೊಳ್ಳುತ್ತಿದ್ದೇನೆ.

ತಮ್ಮ ದೀರ್ಘಾಯುಷ್ಯವನ್ನು, ಕಡೇಪಕ್ಷ ಎಂಟು ದಿನಗಳ ಆಯುಷ್ಯವನ್ನು ಹಾರೈಸುವ,

ತಮ್ಮ ವಿಶ್ವಾಸಿ,
ಬೂದು ಪ್ಯಾಂಟಿನ ಮೀಟರ್ ರೀಡರ್

ಮರೆತ ಮಾತು: ಇದನ್ನು ಇಪ್ಪತ್ತೆಂಟರ ಸಂಜೆ ಬರೆಯುತ್ತಿದ್ದೇನೆ. ಮೇಲಿನ ಪತ್ರ ತಮ್ಮ ಸನ್ನಿಧಿಗೆ ಬರುವ ಮೊದಲೇ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಅವಳು ನಿಂತಲ್ಲೇ ಕೊನೆಯವರೆಗೆ ಓದಿ, “ಡೇ ಕೇರ್ ಮುಚ್ಚಿದ್ರೆ ಇನ್ನೊಂದು ತೆಗೀಬಹುದು, ನಿಮ್ಮಂಥದ್ದು ಇನ್ನೊಂದನ್ನ ಎಲ್ಲಿಂದ ತರ್ಲಿ? ಏಳಿ ಮೇಲೆ” ಎಂದು ಅತ್ತುಕೊಂಡೇ ಬೈದು, ಕಾಲಿಗೆ ಚಪ್ಪಲಿ ಹಾಕಲೂ ಬಿಡದೆ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಸೂಜಿಗಳು ಬಿದ್ದವು. ಅಲ್ಲಿನ ಗುಮಾಸ್ತರು ವಿಳಾಸ ಕೇಳಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನಕ್ಷೆ ಇಲಾಖೆಯ ಕಟ್ಟಡದ ವಿಳಾಸ ಬರೆಸಿ, “ಈ ವರ್ಷ ಇವರು ಮನೆಗಿಂತ ಹೆಚ್ಚು ಇದ್ದದ್ದು ಅಲ್ಲೇ ಸಾರ್” ಎಂದಳು. ಮಂಗಳವಾರ ತಾವು ನನ್ನ ಕೋರಿಕೆಯನ್ನು ಓದದೆಯೇ ನಡೆಸಿಕೊಟ್ಟು ಮೆಟ್ಟಿಲ ಮೇಲೆ ಮಲಗಿದಿರಿ. ಓದಿಯೂ ನಡೆಸಿಕೊಡದವರನ್ನೇ ಕಂಡವನಿಗೆ ಇದು ದೊಡ್ಡದು. ಬಾಲ ಮಾತ್ರ ಹನ್ನೊಂದರಲ್ಲಿತ್ತು, ಬಾಲವೊಂದನ್ನೇ ಒಯ್ಯಲು ನಿಯಮವಿಲ್ಲದೆ ವ್ಯಾನು ಮರಳಿತು. ಇನ್ನು ಇಲಾಖೆಯ ಕಟ್ಟಡವಿರುವ ಚೌಕದಲ್ಲಿ ವಾಸವಿರುವವರು ಸೊನ್ನೆ ಜನ. ಒಂದು ಕಡಿತವನ್ನು ಸೊನ್ನೆ ಜನಕ್ಕೆ ಹಂಚಲು ಹೋದ ಯಂತ್ರ ಎರಡು ದಿನ ಕಣ್ಣುಮುಚ್ಚಿ ಕೂತು, ಮೂರನೆಯ ದಿನ ಇಡೀ ಊರಿನ ನಕ್ಷೆಯನ್ನು ಅಚ್ಚ ಬಿಳಿಯಾಗಿ ಕಕ್ಕಿತು. ಅಧಿಕಾರಿಗಳು ಅದರ ತಲೆಯ ಮೇಲೆ ‘ಕಡಿತಮುಕ್ತ ನಗರ’ ಎಂದು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ತಪಾಸಣೆಯವರು ಇವತ್ತು ಅದರ ಪ್ರತಿಯನ್ನು ಬಿಚ್ಚಿ ನೋಡಿ, ನಮ್ಮ ಮನೆಯ ಮೇಲೆ ಬೆರಳಿಟ್ಟು ತಲೆದೂಗಿ, ಅನುಮತಿಗೆ ಸಹಿ ಹಾಕಿದರು. ಈ ಊರಿನಲ್ಲಿ ಯಾರಿಗೂ ಯಾವ ನಾಯಿಯೂ ಕಚ್ಚಿಲ್ಲವೆಂಬುದು ಈಗ ಅಧಿಕೃತ. ನನ್ನ ಎಡಗಾಲಿಗೆ ಮಾತ್ರ ಆದೇಶದ ಪ್ರತಿ ಇನ್ನೂ ತಲುಪಿಲ್ಲ.